ಗಂಟು ಕಾಯುವವರು

ಜಾತ್ರೆಗಾಗಲಿ ಯಾತ್ರೆಗಾಗಲಿ ಹೊರಟ ಪ್ರತಿಯೊಂದು ಸಂಸಾರದಲ್ಲಿಯೂ ಗಂಟು ಕಾಯುವವರು ಎಂಬ ಒಬ್ಬರು ಇದ್ದೇ ಇರುತ್ತಾರೆ. ಉಳಿದವರು ತೇರನ್ನು ನೋಡಲು, ಹೊಳೆಯಲ್ಲಿ ಮೀಯಲು, ಬೆಟ್ಟವನ್ನು ಹತ್ತಲು ಹೋದಾಗ ಇವರು ಮರದ ನೆರಳಿನಲ್ಲಿ ಕುಳಿತು ಬುತ್ತಿಯ ಗಂಟು, ನೀರಿನ ಚೊಂಬು, ಮಕ್ಕಳ ಪಾದರಕ್ಷೆ ಇವುಗಳ ಮೇಲೆ ಕಣ್ಣಿಟ್ಟಿರತಕ್ಕದ್ದು. ಈ ಅಧಿಕಾರವು ಸಾಮಾನ್ಯವಾಗಿ ಸರದಿಯ ಮೇಲೆ ಬರುವುದುಂಟು. ಒಂದು ವರ್ಷ ಹಸುಗೂಸಿನ ತಾಯಿ, ಇನ್ನೊಂದು ವರ್ಷ ಮೊಣಕಾಲು ನೋವಿನ ತಾತ, ಮತ್ತೊಂದು ವರ್ಷ ಹಟ ಹಿಡಿದು ಮುನಿಸಿಕೊಂಡ ಹುಡುಗ. ಆದರೆ ಕೆಲವರ ಪಾಲಿಗೆ ಇದು ಹುಟ್ಟಿನೊಡನೆಯೇ ಗೊತ್ತಾದ ಉದ್ಯೋಗ. ಅದಕ್ಕೆ ಸರದಿಯಿಲ್ಲ, ನಿವೃತ್ತಿಯೂ ಇಲ್ಲ. ಅವರೇ ನಡೆಯಲಾರದವರು. ಅವರನ್ನು ಮನೆಯಲ್ಲಿ ಬಿಟ್ಟುಬರಲು ಮನೆಯವರಿಗೆ ಮನಸ್ಸು ಬಾರದು. ಕರೆದುಕೊಂಡು ಬಂದ ಮೇಲೆ ಏನು ಮಾಡಬೇಕೆಂಬುದು ತೋರದು. ಆಗ ಗಂಟು ಅವರ ಮಡಿಲಿಗೆ ಬರುತ್ತದೆ. ಎರಡು ಕಡೆಯವರ ಸಂಕೋಚವನ್ನೂ ಆ ಗಂಟು ಮುಚ್ಚುತ್ತದೆ.

ಹಾಸನದ ಕಡೆಯ ಒಬ್ಬ ಉಪಾಧ್ಯಾಯಿನಿಗೆ ಈ ಉದ್ಯೋಗವು ಐವತ್ತು ವರ್ಷಗಳಿಗೂ ಮಿಕ್ಕು ಇದ್ದಿತು. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೋ ಜ್ವರ ಆಕೆಯ ಎರಡು ಕಾಲುಗಳ ಶಕ್ತಿಯನ್ನೂ ಕೊಂಡೊಯ್ದಿತ್ತು. ಈಗಿನ ಮಕ್ಕಳಿಗೆ ಆ ರೋಗದ ಹೆಸರು ಭಾನುವಾರದ ದಿನ ಬಾಯಿಗೆ ಹಾಕುವ ಎರಡು ಹನಿಗಳಿಂದ ಮಾತ್ರ ಪರಿಚಿತ. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಭಾರತವು ಪೋಲಿಯೋದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂದದ್ದು 2014ರ ಮಾರ್ಚಿನಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಆ ರೋಗ ತನ್ನ ಗುರುತನ್ನು ಬಿಟ್ಟುಹೋದವರು ಇನ್ನೂ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆಕೆ ಕಬ್ಬಿಣದ ಪಟ್ಟಿಗಳನ್ನು ಕಟ್ಟಿಕೊಂಡು ಓದಿದರು. ಗಾಲಿಕುರ್ಚಿಯಲ್ಲಿ ಕುಳಿತು ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿದರು. ಮದುವೆಯಾಗಿ ಒಬ್ಬ ಮಗನನ್ನು ಬೆಳೆಸಿದರು. ಊರಿನವರು ಇದನ್ನೆಲ್ಲ ಸಾಹಸವೆಂದು ಹೊಗಳುತ್ತಿದ್ದರು. ಆಕೆಗೆ ಅದು ಸಾಹಸವಾಗಿ ತೋರಿರಲಿಲ್ಲ. ವಿಹಾರಕ್ಕೆ ಹೊರಡುವುದು ಮಾತ್ರ ಸಾಹಸವಾಗಿ ತೋರುತ್ತಿತ್ತು.

ಚಿಕ್ಕಂದಿನಲ್ಲಿ ಹಾಗಿರಲಿಲ್ಲ. ಬೇಲೂರಿಗೆ ಹೋದಾಗ ಆಕೆಯ ತಂದೆ ಮಗಳನ್ನು ಹೆಗಲಿನ ಮೇಲೆ ಕೂರಿಸಿಕೊಂಡು ಚೆನ್ನಕೇಶವನ ಗುಡಿಯ ಜಗಲಿಯನ್ನು ಹತ್ತುತ್ತಿದ್ದರು. ಇತರರು ಕತ್ತು ನೋಯುವಂತೆ ತಲೆಯೆತ್ತಿ ನೋಡುವ ಮದನಿಕೆಯರು ಹೆಗಲೇರಿದ ಮಗುವಿಗೆ ಇನ್ನಷ್ಟು ಹತ್ತಿರದವರು. ಹದಿನಾಲ್ಕನೆಯ ವರ್ಷದಲ್ಲಿ ಮತ್ತೆ ಅಲ್ಲಿಗೆ ಹೋದಾಗ ತಂದೆ ಎಂದಿನಂತೆ ಬಾಗಿ ಬೆನ್ನು ಕೊಟ್ಟರು. ಹುಡುಗಿ ಸುತ್ತ ನೋಡಿದಳು. ತನ್ನ ವಯಸ್ಸಿನ ಹುಡುಗಿಯರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. “ಅಪ್ಪ, ನೀವು ಹೋಗಿಬನ್ನಿ; ನಾನು ಚೀಲ ನೋಡಿಕೊಳ್ಳುತ್ತೇನೆ” ಎಂದಳು. ತಂದೆಯ ಮುಖ ಏನಾಯಿತೆಂಬುದನ್ನು ಆಕೆ ಎಂದೂ ಮರೆಯಲಿಲ್ಲ. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಗಂಟು ಕಾಯುವುದರಿಂದ ತನಗೊಬ್ಬಳಿಗೇ ನಷ್ಟ, ಉಳಿದವರಿಗೆ ಅನುಕೂಲ ಎಂದು ಆಕೆ ಬಹುಕಾಲ ತಿಳಿದಿದ್ದರು. ಅದು ತಪ್ಪೆಂದು ತೋರಿಸಿಕೊಟ್ಟವನು ಮಗ. ಅವನಿಗೆ ಹತ್ತು ವರ್ಷವಿದ್ದಾಗ ಸಂಸಾರವೆಲ್ಲ ಬೆಂಗಳೂರಿನ ಹೊರವಲಯದ ಒಂದು ವಿಹಾರೋದ್ಯಾನಕ್ಕೆ ಹೋಗಿದ್ದಿತು. ಬಾಗಿಲಿನಲ್ಲಿ ಆಕೆಗೂ ಪೂರ್ತಿ ಹಣದ ಚೀಟಿಯನ್ನೇ ಕೊಟ್ಟರು. ಒಳಗೆ ಪ್ರತಿಯೊಂದು ಆಟದ ಮುಂದೆಯೂ ಮೆಟ್ಟಿಲು. ಆಕೆ ಹೊಂಗೆಯ ನೆರಳಿನಲ್ಲಿ ಎಂದಿನ ಕೆಲಸಕ್ಕೆ ಕುಳಿತರು. ಹುಡುಗ ಒಂದೊಂದು ಆಟ ಮುಗಿದೊಡನೆ ಓಡಿಬಂದು, ಹೇಗೆ ಮೇಲೇರಿದೆ, ಹೇಗೆ ಕೆಳಕ್ಕೆ ಬಿದ್ದೆ, ಯಾರು ಕೂಗಿಕೊಂಡರು ಎಂದು ತಾಯಿಗೆ ವರದಿ ಒಪ್ಪಿಸುತ್ತಿದ್ದ. ಮೊದಲ ವರದಿ ದೀರ್ಘವಾಗಿತ್ತು, ಎರಡನೆಯದು ಚಿಕ್ಕದಾಯಿತು, ನಾಲ್ಕನೆಯ ಸಾರಿ ಬಂದವನು ಹೋಗಲೇ ಇಲ್ಲ. “ಯಾಕೋ?” ಎಂದರೆ “ತಲೆ ಸುತ್ತುತ್ತದಮ್ಮ” ಎಂದ. ತಲೆ ಸುತ್ತುವವನಂತೆ ಅವನು ಕಾಣಲಿಲ್ಲ. ಚೀಲದಿಂದ ಕೋಡುಬಳೆ ತೆಗೆದು ತಿನ್ನುತ್ತ, ದೂರದಲ್ಲಿ ತಿರುಗುತ್ತಿದ್ದ ಚಕ್ರವನ್ನು ನೋಡುತ್ತ, ಸಂಜೆಯವರೆಗೂ ತಾಯಿಯ ಪಕ್ಕದಲ್ಲಿ ಕುಳಿತಿದ್ದ. ಆ ದಿನ ಆಕೆಗೆ ಲೆಕ್ಕ ತಿಳಿಯಿತು. ಒಬ್ಬರನ್ನು ಹೊರಗೆ ಕೂರಿಸಿದರೆ ಕಳೆಯುವುದು ಒಂದಲ್ಲ. ಅವರನ್ನು ಪ್ರೀತಿಸುವವರೆಲ್ಲರ ಸಂತೋಷದಲ್ಲಿಯೂ ಒಂದೊಂದು ಪಾಲು ಕಳೆಯುತ್ತದೆ.

ಆ ಹುಡುಗ ಬೆಳೆದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಉದ್ಯೋಗಕ್ಕೆ ನಿಂತನು. ಈಚೆಗೆ ಒಂದು ವಸಂತಕಾಲದಲ್ಲಿ ತಂದೆತಾಯಿಗಳು ಮಗನ ಮನೆಗೆ ಹೋದರು. ಹೋದ ಎರಡನೆಯ ವಾರದಲ್ಲಿಯೇ ಮಗ, “ಅಮ್ಮ, ಶನಿವಾರ ಡಿಸ್ನಿಲ್ಯಾಂಡಿಗೆ ಹೋಗೋಣ” ಎಂದ. ತಾಯಿ ಅಭ್ಯಾಸಬಲದಿಂದ, “ನೀವೆಲ್ಲ ಹೋಗಿಬನ್ನಿ” ಎಂದರು. ಏಳು ವರ್ಷದ ಮೊಮ್ಮಗಳು, “ಅಜ್ಜಿ ಬರದಿದ್ದರೆ ನಾನೂ ಬರುವುದಿಲ್ಲ” ಎಂದಳು. ತಂದೆಯ ಹಳೆಯ ‘ತಲೆ ಸುತ್ತು’ ಮಗಳಲ್ಲಿಯೂ ಕಾಣಿಸಿಕೊಂಡಿತೆಂದು ಅಜ್ಜಿಗೆ ಭಯವಾಗಿ ಒಪ್ಪಿಕೊಂಡರು.

ಡಿಸ್ನಿಲ್ಯಾಂಡಿನ ಹೆಸರನ್ನು ಕೇಳದವರು ಈಗ ಕಡಮೆ. ಚಲಿಸುವ ಚಿತ್ರಗಳಿಂದ ಪ್ರಸಿದ್ಧನಾದ ವಾಲ್ಟ್ ಡಿಸ್ನಿ ಎಂಬುವನು ಆನಹೈಮ್ ಪಟ್ಟಣದ ಕಿತ್ತಳೆಯ ತೋಟಗಳನ್ನು ಕೊಂಡು, ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ಆನಂದಪಡುವ ಸ್ಥಳವೊಂದಿರಬೇಕೆಂದು ಕಟ್ಟಿಸಿ, 1955ರ ಜುಲೈ 17ರಂದು ತೆರೆದ ಉದ್ಯಾನವಿದು. ಮಕ್ಕಳು ಕುದುರೆಯೇರಿ ತಿರುಗುತ್ತಿದ್ದಾಗ ತಂದೆಯಾದ ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಯಿತಲ್ಲ ಎಂಬ ಬೇಸರದಿಂದ ಈ ಯೋಚನೆ ಹೊಳೆಯಿತೆಂದು ಆತನೇ ಹೇಳಿಕೊಂಡಿದ್ದನು. ಹಾಗೆ ನೋಡಿದರೆ ಈ ಮಹಾ ವಿಹಾರಸ್ಥಾನದ ಮೂಲಪುರುಷನೂ ಒಂದು ಮಧ್ಯಾಹ್ನದ ಮಟ್ಟಿಗೆ ಗಂಟು ಕಾದವನೇ.

ಬಾಗಿಲಿನಲ್ಲಿ ಕೊಡುವ ವಿವರಗಳಲ್ಲಿ ಒಂದೊಂದು ಆಟದ ಮುಂದೆಯೂ ಗಾಲಿಕುರ್ಚಿಯ ಚಿಹ್ನೆಯುಂಟು. ಇಲ್ಲಿ ಕುರ್ಚಿಯಲ್ಲಿಯೇ ಕುಳಿತು ಹೋಗಬಹುದು. ಇಲ್ಲಿ ಇಳಿದು ಬೇರೆ ಆಸನಕ್ಕೆ ಸೇರಬೇಕು. ಇಲ್ಲಿ ನಡೆಯಬಲ್ಲವರಿಗೆ ಮಾತ್ರ, ಎಂದು ಸ್ಪಷ್ಟವಾಗಿ ತಿಳಿಸಿರುತ್ತಾರೆ. ಆಕೆಗೆ ಮೊದಲು ಮೆಚ್ಚಿಕೆಯಾದದ್ದು ಇದೇ. ಆಗುವುದೆಷ್ಟು, ಆಗದಿರುವುದೆಷ್ಟು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಅವಮಾನ ತಪ್ಪುತ್ತದೆ. ಮೆಟ್ಟಿಲಿನ ಬುಡದವರೆಗೂ ಬಂದು, ನಾಲ್ಕು ಜನ ನೋಡುತ್ತಿರುವಾಗ, “ಓಹೋ, ಇದು ಆಗುವುದಿಲ್ಲ” ಎಂದು ಹಿಂತಿರುಗುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು.

ಸಾಲಿನ ವಿಷಯವೂ ಕುತೂಹಲವಾದುದು. ಹಿಂದೆ ಅಂಗವಿಕಲರಿಗೆ ಒಂದು ಚೀಟಿ ಕೊಟ್ಟು, ಅವರ ಸಂಸಾರವನ್ನು ಬೇಗ ಒಳಕ್ಕೆ ಬಿಡುವ ಪದ್ಧತಿ ಇದ್ದಿತು. 2013ರಲ್ಲಿ, ಕೆಲವು ಶ್ರೀಮಂತರು ಸಾಲನ್ನು ತಪ್ಪಿಸುವುದಕ್ಕಾಗಿ ಅಂಗವಿಕಲರೊಬ್ಬರನ್ನು ಗಂಟೆಗೆ ಇಷ್ಟೆಂದು ಬಾಡಿಗೆಗೆ ಗೊತ್ತುಮಾಡಿಕೊಂಡು ಜೊತೆಯಲ್ಲಿ ಕರೆತರುತ್ತಿದ್ದಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಪದ್ಧತಿ ಹೋಯಿತು. 2024ರಲ್ಲಿ ನಿಯಮಗಳು ಮತ್ತೆ ಬಿಗಿಯಾದುವು. ಈಗ ಗಾಲಿಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಯಾರೂ ಮುಂದೆ ಹೋಗುವಂತಿಲ್ಲ. ಹಾದಿ ಅಗಲವಾಗಿದ್ದಲ್ಲಿ ಎಲ್ಲರೊಡನೆ ನಿಲ್ಲಬೇಕು. ಕಿರಿದಾಗಿದ್ದಲ್ಲಿ ಸಾಲಿನಲ್ಲಿ ಹಿಡಿಯುವಷ್ಟೇ ಹೊತ್ತನ್ನು ಬೇರೆ ಕಡೆ ಕಳೆದು, ಹೇಳಿದ ವೇಳೆಗೆ ಬರಬೇಕು. ಮಗ ಈ ಕಥೆಯನ್ನು ಹೇಳಿದಾಗ ಆಕೆ ಮನಸಾರೆ ನಕ್ಕು, “ನನ್ನ ಕಾಲಿಗೂ ಬಾಡಿಗೆ ಬರುತ್ತಿತ್ತು ಅನ್ನು! ಇಷ್ಟು ವರ್ಷ ಪುಕ್ಕಟೆ ಇಟ್ಟುಕೊಂಡಿದ್ದೆ” ಎಂದರು. ಸಾಲಿನಲ್ಲಿ ನಿಲ್ಲಬೇಕಾದುದಕ್ಕೆ ಆಕೆಗೆ ಬೇಸರವಾಗಲಿಲ್ಲ. ಹಿಂದುಗಡೆ ಇದ್ದ ಮೆಕ್ಸಿಕೋ ಕಡೆಯ ಅಜ್ಜಿಯೊಬ್ಬರೊಡನೆ ಕೈಸನ್ನೆಯಿಂದಲೇ ಮೊಮ್ಮಕ್ಕಳ ತುಂಟತನದ ವಿಚಾರ ಮುಕ್ಕಾಲು ಗಂಟೆ ಮಾತನಾಡಿದರು. ಎಲ್ಲರೊಡನೆ ಕಾಯುವುದಕ್ಕೂ ಎಲ್ಲರಿಗಾಗಿ ಕಾಯುವುದಕ್ಕೂ ಬಹಳ ಅಂತರವುಂಟು.

ಎಲ್ಲವೂ ಹೀಗೆ ಸುಲಭವಾಗಿ ನಡೆಯಿತೆಂದು ವಾಚಕರು ತಿಳಿಯಬಾರದು. ಪೀಟರ್ ಪ್ಯಾನನ ಆಟದಲ್ಲಿ ಮೇಲಿನಿಂದ ತೂಗುವ ಚಿಕ್ಕ ಹಡಗುಗಳಲ್ಲಿ ಕುಳಿತು ಲಂಡನ್ ನಗರದ ದೀಪಗಳ ಮೇಲೆ ಹಾರಬಹುದು. ಅಲ್ಲಿ ಕುರ್ಚಿಯನ್ನು ಬಿಟ್ಟು ಹಡಗಿನ ಆಸನಕ್ಕೆ ಸೇರಬೇಕು. ಯಾರನ್ನೂ ಎತ್ತಿ ಕೂರಿಸುವ ಅಪ್ಪಣೆ ಅಲ್ಲಿನ ನೌಕರರಿಗಿಲ್ಲ, ಮನೆಯವರು ಎತ್ತಬಹುದು. ಮಗ ಮುಂದೆ ಬಂದು ತೋಳು ಚಾಚಿದ. “ಬೇಡಪ್ಪ” ಎಂದರು ತಾಯಿ. “ನಿನ್ನದೇನಮ್ಮ ಭಾರ? ಒಂದು ನಿಮಿಷದ ಕೆಲಸ” ಎಂದ. “ಭಾರ ನಿನಗಲ್ಲ, ನನಗೆ” ಎಂದರು. ಮಗನಿಗೆ ನೋವಾಯಿತು. ಈ ಒಂದು ದಿನಕ್ಕಾಗಿ ಅವನು ಎಷ್ಟು ವರ್ಷಗಳಿಂದ ಆಸೆಪಟ್ಟಿದ್ದನೋ! “ಹಾಗಾದರೆ ಬಂದದ್ದಾದರೂ ಯಾಕೆ?” ಎಂಬ ಮಾತು ಅವನ ಬಾಯಿಂದ ಬಂದೇ ಹೋಯಿತು. ಯಜಮಾನರು ಕೆಮ್ಮಿದರು. ಸೊಸೆ ಮಗುವಿನ ಕೈ ಹಿಡಿದು ಆ ಕಡೆ ಕರೆದುಕೊಂಡು ಹೋದಳು. ತಾಯಿಯೂ ಮಗನೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಲಿಲ್ಲ. ಕೊನೆಗೆ ಆಕೆಯೇ, “ನಮ್ಮಪ್ಪನಿಗೂ ಹೀಗೆಯೇ ಅಂದೆ, ಬೇಲೂರಿನಲ್ಲಿ. ಪ್ರೀತಿ ಇಲ್ಲ ಅಂತಲ್ಲ ಕಣೋ. ಎತ್ತಿಸಿಕೊಂಡು ಹೋದರೆ ಅದು ನಿನ್ನ ಹೋಗಾಟ, ನಾನು ಹೋದ ಹಾಗಾಗುವುದಿಲ್ಲ” ಎಂದರು. ಮಗ ಏನೂ ಹೇಳಲಿಲ್ಲ. ತಾಯಿ ಹಾರುವ ಹಡಗಿಗೆ ಹೋಗಲಿಲ್ಲ. ಮೊಮ್ಮಗಳನ್ನು ಮಾತ್ರ ಬಲವಂತದಿಂದ ಕಳುಹಿಸಿದರು.

ಆ ಉದ್ಯಾನದ ನಡುವೆ ನಿದ್ರಾಸುಂದರಿಯ ಅರಮನೆಯೊಂದಿದೆ. ಅದರೊಳಗಿನ ಕಥಾಚಿತ್ರಗಳನ್ನು ನೋಡಲು ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಹತ್ತಲಾರದವರಿಗಾಗಿ ಕೆಳಗಿನ ಒಂದು ಕೋಣೆಯಲ್ಲಿ ಮೇಲಿರುವುದನ್ನೆಲ್ಲ ತೆರೆಯ ಮೇಲೆ ತೋರಿಸುತ್ತಾರೆ. 2008ರಲ್ಲಿ ಅರಮನೆಯ ಒಳಭಾಗವನ್ನು ನವೀಕರಿಸಿ ತೆರೆದಾಗ ಮಾಡಿದ ಏರ್ಪಾಡಿದು. ಯಜಮಾನರೂ ತಮ್ಮ ಮೊಣಕಾಲನ್ನು ನೆಪಮಾಡಿ ಕೆಳಗಿನ ಕೋಣೆಗೇ ಬಂದರು. “ಕೋಟೆ ಕಟ್ಟುವುದೇ ಹೊರಗಿನವರು ಹತ್ತಬಾರದು ಅಂತ. ಅದಕ್ಕೆ ಕೋಪ ಮಾಡಿಕೊಳ್ಳುವುದು ಹೇಗೆ?” ಎಂದು ಆಕೆ ನಕ್ಕರು. ಮೇಲೆ ಹೋದವರು ಇಳಿದು ಬಂದಾಗ ಇಬ್ಬರಿಗೂ ಕಥೆ ಗೊತ್ತಿತ್ತು. ವರದಿ ಕೇಳುವ ಬದಲು ಚರ್ಚೆಯೇ ನಡೆಯಿತು.

ಅಪರಾಹ್ನ ದೋಣಿಯ ಆಟಕ್ಕೆ ಹೋದರು. 1964ರಲ್ಲಿ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನಕ್ಕೆಂದು ತಯಾರಾಗಿ, 1966ರಲ್ಲಿ ಇಲ್ಲಿಗೆ ಬಂದ ಈ ಆಟದ ಹೆಸರಿಗೆ ‘ಇದು ಪುಟ್ಟ ಜಗತ್ತು’ ಎಂದು ಅರ್ಥ. ಕಾಲುವೆಯೊಂದರಲ್ಲಿ ದೋಣಿ ತೇಲುತ್ತ ಹೋಗುತ್ತದೆ. ಎರಡು ದಡಗಳಲ್ಲಿಯೂ ನಾನಾ ದೇಶಗಳ ಉಡುಗೆ ತೊಟ್ಟ ನೂರಾರು ಮಕ್ಕಳ ಬೊಂಬೆಗಳು ಕುಣಿಯುತ್ತ ಹಾಡುತ್ತಿರುತ್ತವೆ. ನವರಾತ್ರಿಯ ಬೊಂಬೆಗಳನ್ನೆಲ್ಲ ಜೀವ ತುಂಬಿ ನಿಲ್ಲಿಸಿದಂತಹ ನೋಟ. ಆ ದೋಣಿಗಳಲ್ಲಿ ಗಾಲಿಕುರ್ಚಿ ನಿಲ್ಲುವಂತೆ ಮಾಡಿರುವುದೂ ಉಂಟು. ಕುರ್ಚಿ ತನ್ನ ಗಾಲಿಗಳ ಮೇಲೆಯೇ ಒಳಕ್ಕೆ ಹೋಯಿತು. ಯಾರೂ ಬಗ್ಗಲಿಲ್ಲ, ಯಾರೂ ಎತ್ತಲಿಲ್ಲ, ಯಾರೂ “ಜೋಪಾನ, ಜೋಪಾನ” ಎಂದು ಕೂಗಲಿಲ್ಲ. ಯಜಮಾನರು, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಅದೇ ದೋಣಿಯಲ್ಲಿ ಕುಳಿತರು. ಸುಮಾರು 15 ನಿಮಿಷಗಳ ಪಯಣ. ಆ ಸಂಸಾರವು ವಿಹಾರಸ್ಥಾನವೊಂದರಲ್ಲಿ ಒಟ್ಟಿಗೆ ಕಳೆದ ಮೊದಲ ಕಾಲು ಗಂಟೆ.

ನಡುವೆ ಮೊಮ್ಮಗಳು ಥಟ್ಟನೆ ಎದ್ದು, “ಅಜ್ಜಿ, ಅಲ್ಲಿ ನೋಡು, ನಿನ್ನ ಕುರ್ಚಿ!” ಎಂದು ಕೂಗಿದಳು. ಅಜ್ಜಿ ತಿರುಗಿ ನೋಡುವಷ್ಟರಲ್ಲಿ ದೋಣಿ ಮುಂದಕ್ಕೆ ಸರಿದಿತ್ತು. 2022ರ ನವೆಂಬರಿನಲ್ಲಿ ಆ ಬೊಂಬೆಗಳ ನಡುವೆ ಗಾಲಿಕುರ್ಚಿಯಲ್ಲಿ ಕುಳಿತ ಎರಡು ಬೊಂಬೆಗಳನ್ನು ಸೇರಿಸಿದ್ದರು. ಎರಡನೆಯದಕ್ಕಾಗಿ ಇಡೀ ಸಂಸಾರವೇ ಎರಡು ದಡಗಳಲ್ಲಿಯೂ ಹುಡುಕುತ್ತ ಹೋಯಿತು. ಕಂಡವರು ಆಕೆಯೇ. ಆ ಬೊಂಬೆ ಮೂಲೆಯಲ್ಲಿರಲಿಲ್ಲ, ಚೀಲ ಹಿಡಿದಿರಲಿಲ್ಲ, ಉಳಿದವುಗಳೊಡನೆ ಹಾಡುತ್ತಿತ್ತು. ಆಕೆ ಏನನ್ನೂ ಹೇಳಲಿಲ್ಲ. ಮಗನ ಭುಜವನ್ನು ತಟ್ಟಿ ಅತ್ತ ಬೆರಳು ತೋರಿಸಿದರು. ಬೆಳಗಿನ ಮಾತು ಅಲ್ಲಿಗೆ ಮುಗಿಯಿತು.

ದೋಣಿಯಿಂದ ಇಳಿದ ಮೇಲೆ ಸೊಸೆ, “ಅತ್ತೆ, ಚೀಲ ಎಲ್ಲಿ?” ಎಂದಳು. ಎಲ್ಲರೂ ಆಕೆಯ ಮಡಿಲನ್ನು ನೋಡಿದರು. ಚೀಲವಿರಲಿಲ್ಲ. ದೋಣಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನ ಮೇಲೆ ಇಟ್ಟದ್ದು ಅಲ್ಲಿಯೇ ಉಳಿದಿತ್ತು. ಐವತ್ತು ವರ್ಷ ಗಂಟು ಕಾದವರು ಗಂಟನ್ನು ಮರೆತಿದ್ದರು! ಮಗ ಓಡಿಹೋಗಿ ತಂದ. ಕೋಡುಬಳೆಗಳು ಕ್ಷೇಮವಾಗಿದ್ದುವು.

ಇಂತಹ ದಾರಿಗಳು ಅಲ್ಲಿನವರ ಔದಾರ್ಯದಿಂದಲೇ ಆದುವೆಂದು ತಿಳಿಯುವುದು ಸರಿಯಲ್ಲ. 1990ರ ಮಾರ್ಚ್ 12ರಂದು ವಾಷಿಂಗ್ಟನ್ ನಗರದಲ್ಲಿ ಅನೇಕ ಅಂಗವಿಕಲರು ತಮ್ಮ ಗಾಲಿಕುರ್ಚಿಗಳನ್ನೂ ಊರುಗೋಲುಗಳನ್ನೂ ಕೆಳಗೆ ಬಿಟ್ಟು, ಶಾಸನಸಭೆಯ ಭವನದ ಮೆಟ್ಟಿಲುಗಳನ್ನು ತೆವಳುತ್ತ ಹತ್ತಿದರು. ಅವರಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳೂ ಇದ್ದಳು. ಆಗ ಶಾಸನಸಭೆಯಲ್ಲಿ ಕುಂಟುತ್ತಿದ್ದ ಅಂಗವಿಕಲರ ಶಾಸನಕ್ಕೆ ಅದೇ ವರ್ಷದ ಜುಲೈ 26ರಂದು ಅಧ್ಯಕ್ಷರ ಸಹಿಯಾಯಿತು. ಸಾರ್ವಜನಿಕರಿಗೆ ತೆರೆದ ಸ್ಥಳಗಳು, ಖಾಸಗಿಯವಾದರೂ, ಅಂಗವಿಕಲರಿಗೂ ತೆರೆದಿರಬೇಕೆಂಬುದು ಅದರ ತಿರುಳು. ಡಿಸ್ನಿಲ್ಯಾಂಡು ತೆರೆದಾಗ ಆ ಶಾಸನ ಮೂವತ್ತೈದು ವರ್ಷ ದೂರದಲ್ಲಿತ್ತು.

ಶಾಸನಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರೂ ಉಂಟು. ಟೆಕ್ಸಾಸ್ ಸಂಸ್ಥಾನದ ಸ್ಯಾನ್ ಆಂಟೋನಿಯೋದಲ್ಲಿ ಗಾರ್ಡನ್ ಹಾರ್ಟ್‌ಮನ್ ಎಂಬ ಗೃಹಸ್ಥರಿದ್ದಾರೆ. ವಿಹಾರಕ್ಕೆ ಹೋಗಿದ್ದಾಗ ಈಜುಕೊಳದಲ್ಲಿ ಚೆಂಡಾಡುತ್ತಿದ್ದ ಮಕ್ಕಳ ಬಳಿಗೆ ಇವರ ಅಂಗವಿಕಲ ಮಗಳು ಆಸೆಯಿಂದ ಹೋದಳು; ಆ ಮಕ್ಕಳು ಆಟ ನಿಲ್ಲಿಸಿ ಎದ್ದುಹೋದರು. ತಂದೆ ಅದನ್ನು ಮರೆಯಲಿಲ್ಲ. 2010ರಲ್ಲಿ 25 ಎಕರೆಯ ವಿಹಾರೋದ್ಯಾನವೊಂದನ್ನು ಮಗಳ ಹೆಸರಿನಿಂದಲೇ ತೆರೆದರು. ಅಲ್ಲಿ ಕುರ್ಚಿಯೊಡನೆ ತೂಗುವ ಉಯ್ಯಾಲೆಯುಂಟು, ಕುರ್ಚಿಯೊಡನೆ ಏರುವ ರೈಲುಂಟು. ಅಂಗವಿಕಲರಿಗೆ ಪ್ರವೇಶಧನವಿಲ್ಲ. 2017ರಲ್ಲಿ ನೀರಾಟದ ಉದ್ಯಾನವೂ ಸೇರಿತು. ವಿದ್ಯುತ್ ಕುರ್ಚಿಗಳು ನೀರಿಗೆ ತಾಳಲಾರವೆಂದು, ಒತ್ತಿ ತುಂಬಿದ ಗಾಳಿಯಿಂದ ಓಡುವ ಕುರ್ಚಿಗಳನ್ನು ಅದಕ್ಕಾಗಿಯೇ ಮಾಡಿಸಿದರು.

ನಮ್ಮಲ್ಲಿಯೂ ಶಾಸನಕ್ಕೆ ಕೊರತೆಯಿಲ್ಲ. 2011ರ ಜನಗಣತಿಯಲ್ಲಿ ಭಾರತದ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. 1995ರಲ್ಲಿ ಒಂದು ಶಾಸನ, 2016ರಲ್ಲಿ ಅದಕ್ಕಿಂತ ವಿಸ್ತಾರವಾದ ಮತ್ತೊಂದು ಶಾಸನ ಆದುವು. ಎರಡನೆಯದರ ಮೇರೆಗೆ ಜನರು ಬಂದುಹೋಗುವ ಕಟ್ಟಡಗಳೆಲ್ಲವೂ, ವಿನೋದ ವಿಹಾರಗಳಿಗೆ ಮೀಸಲಾದವೂ ಸೇರಿ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರಿಗೂ ಸುಗಮವಾಗತಕ್ಕದ್ದು. ನಿಯಮಗಳು ಪ್ರಕಟವಾದದ್ದು 2017ರಲ್ಲಿ. ಗಡುವು 2022ರಲ್ಲಿ ಕಳೆಯಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮತೆಯ ಅಳತೆಗಳನ್ನು ಬರಿಯ ಸಲಹೆಯಾಗಿ ಬಿಡಲಾಗದು, ಕಡ್ಡಾಯವಾದ ನಿಯಮಗಳನ್ನು ಮಾಡಬೇಕು ಎಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಕಾಗದದ ಮೇಲಿನ ದಾರಿ ಹೀಗೆ ಸಾಕಷ್ಟು ಅಗಲವಾಗಿದೆ. ಕಲ್ಲಿನ ಮೆಟ್ಟಿಲು ಮಾತ್ರ ಇದ್ದಲ್ಲಿಯೇ ಇದೆ.

ಹಳೆಯ ಗುಡಿಗಳ ಜಗಲಿಯನ್ನು ಯಾರೂ ಒಡೆಯಬೇಕಾದುದಿಲ್ಲ. ಶಿಲ್ಪಿಗಳ ಕಾಲದಲ್ಲಿ ಗಾಲಿಕುರ್ಚಿ ಇರಲಿಲ್ಲ. ಆದರೆ ನಿನ್ನೆ ಮೊನ್ನೆ ಸಿಮೆಂಟಿನಲ್ಲಿ ಕಟ್ಟಿದ ಭವನಕ್ಕೆ ಆ ನೆಪವಿಲ್ಲ. ಇಳಿಜಾರು ದಾರಿಯ ಲೆಕ್ಕ ಮಾಧ್ಯಮಿಕ ಶಾಲೆಯ ಹುಡುಗನಿಗೂ ಬರುವಂಥದು: ಒಂದು ಅಂಗುಲ ಏರಿಕೆಗೆ ಹನ್ನೆರಡು ಅಂಗುಲ ಉದ್ದ. ಅಮೆರಿಕದಲ್ಲಿಯೂ ಅದೇ ಅಳತೆ, ನಮ್ಮ ಸರ್ಕಾರದ ಮಾರ್ಗಸೂಚಿಯಲ್ಲಿಯೂ ಅದೇ. ಅಂತಹ ದಾರಿ ಗಾಲಿಕುರ್ಚಿಯವರಿಗೆ ಮಾತ್ರವಲ್ಲ. ಮಗುವಿನ ಗಾಡಿಯನ್ನು ತಳ್ಳುವ ತಾಯಿಗೂ, ಕೋಲೂರಿ ನಡೆಯುವ ತಾತನಿಗೂ, ಮೂಟೆ ಸಾಗಿಸುವ ಕೂಲಿಯವನಿಗೂ ಅನುಕೂಲವೇ. ಇಂದು ಮೆಟ್ಟಿಲನ್ನು ಹಾರಿ ಹತ್ತುವವರಿಗೂ ಅದರ ಪ್ರಯೋಜನ ಬಹಳ ದೂರವಿಲ್ಲ.

ಊರಿಗೆ ಹಿಂತಿರುಗಿದ ಆ ಉಪಾಧ್ಯಾಯಿನಿ ಪ್ರವಾಸದ ವರ್ಣನೆಯನ್ನು ಹೆಚ್ಚಾಗಿ ಮಾಡಲಿಲ್ಲ. ಒಂದು ದಿನ ಯಜಮಾನರ ಕೈಗೆ ಅಳತೆಯ ಪಟ್ಟಿ ಕೊಟ್ಟು, ತಿಂಗಳಿಗೊಮ್ಮೆ ಉಪನ್ಯಾಸಗಳು ನಡೆಯುವ ಸಭಾಭವನದ ಮುಂದೆ ಕುರ್ಚಿಯನ್ನು ನಿಲ್ಲಿಸಿಕೊಂಡರು. ಆಕೆ ಆ ಭವನದ ಕಿಟಕಿಯ ಹೊರಗಿನಿಂದ ಅನೇಕ ಉಪನ್ಯಾಸಗಳನ್ನು ಕೇಳಿದವರು. ಐದು ಮೆಟ್ಟಿಲು, ಒಂದೊಂದು ಆರು ಅಂಗುಲ. ಒಟ್ಟು ಏರಿಕೆ 30 ಅಂಗುಲ. ಬೇಕಾದ ಇಳಿಜಾರಿನ ಉದ್ದ 30 ಅಡಿ. ಭವನದ ಎಡಗಡೆ ಸ್ಕೂಟರುಗಳನ್ನು ನಿಲ್ಲಿಸುವ ಜಾಗವನ್ನು ಅಳೆದರು. 34 ಅಡಿ ಇದ್ದಿತು. ಲೆಕ್ಕವನ್ನು ಒಂದು ಹಾಳೆಯ ಮೇಲೆ ಅಂದವಾಗಿ ಬರೆದು, ಕೆಳಗೆ ಸಹಿ ಹಾಕಿ, ಕಾರ್ಯದರ್ಶಿಗಳಿಗೆ ಕಳುಹಿಸಿದರು. ಪ್ರಾರ್ಥನೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ.